ಯಾಕೆ ಅಂತ ನೀನು ಹೇಳು, ಹೇಗೆ ಅಂತ ಅವರು ಹೇಳಲಿ

ಮಗೂ, ಟೈಟಲ್ ಕಾರ್ಡಿನಲ್ಲಿ ‘ಕಲೆ’ ಎಂಬಲ್ಲಿ ನಿನ್ನ ಹೆಸರು ಬರುವ ಮೊದಲ ಚಿತ್ರ ಇದು. ಸುದ್ದಿ ಕೇಳಿ ತುಂಬಾ ಸಂತೋಷವಾಯಿತು. ನೀನು ಗೆರೆ ಎಳೆಯುವುದನ್ನು, ಬಣ್ಣ ಕಲಸುವುದನ್ನು, ರಾತ್ರಿಯೆಲ್ಲ ನಿಂತು ಸೆಟ್ ಮುಗಿಸುವುದನ್ನು ಹತ್ತಿರದಿಂದ ನೋಡಿದ್ದೇನೆ. ಕೆಲಸದ ಬಗ್ಗೆ ನಿನಗೆ ಹೊಸದಾಗಿ ಹೇಳಿಕೊಡಬೇಕಾದ್ದು ಹೆಚ್ಚೇನೂ ಇಲ್ಲ. ಆದರೆ ಇನ್ನು ಮುಂದೆ ನಿನ್ನ ಕೆಲಸವೇ ಬೇರೆ. ಸಹಾಯಕಿಯಾಗಿದ್ದಾಗ ನಿನ್ನ ಕೈ ಚೆನ್ನಾಗಿದ್ದರೆ ಸಾಕಿತ್ತು. ಈಗ ಬಡಗಿ, ಪೇಂಟರ್, ಮೋಲ್ಡರ್, ಪ್ರಾಪರ್ಟಿ ನೋಡಿಕೊಳ್ಳುವ ಹುಡುಗರು, ನಿನ್ನ ಸಹಾಯಕರು, ಇಷ್ಟೂ ಜನರ ಕೈ ಚೆನ್ನಾಗಿ ಓಡುವಂತೆ ನೋಡಿಕೊಳ್ಳಬೇಕು. ಒಳ್ಳೆಯ ಕೈಯಿದ್ದ ಎಷ್ಟೋ ಮಂದಿ ಈ ತಿರುವಿನಲ್ಲಿ ಎಡವಿದ್ದನ್ನು ಕಂಡಿದ್ದೇನೆ. ಅದಕ್ಕೇ ಶೂಟಿಂಗ್ ಶುರುವಾಗುವ ಮೊದಲು ನಾಲ್ಕು ಮಾತು ಹೇಳಬೇಕೆನಿಸಿತು.

ನಿನ್ನ ಬಡಗಿಗೆ ಬಾಗಿಲು ಮಾಡುವುದು ಹೇಗೆಂದು ಹೇಳಿಕೊಡುವ ಅಗತ್ಯವಿಲ್ಲ. ಪ್ಲೈವುಡ್ಡಿನ ಮೇಲೆ ತೇಗದ ಎಳೆ ಮೂಡುವಂತೆ ಬಣ್ಣ ಹೊಡೆಯುವುದು ಪೇಂಟರಿಗೆ ನಿನಗಿಂತ ಚೆನ್ನಾಗಿ ಗೊತ್ತು. ಈ ಬಾಗಿಲು ಯಾಕೆ ಇಷ್ಟು ಗಿಡ್ಡವಾಗಿರಬೇಕು ಎಂಬುದು ಮಾತ್ರ ಅವರಿಗೆ ಗೊತ್ತಿಲ್ಲ. ಅದನ್ನು ಬಲ್ಲವರು ನಿರ್ದೇಶಕರು ಮತ್ತು ನೀನು. ‘ಐದಡಿ ಬಾಗಿಲು ಮಾಡಿ’ ಎಂದಷ್ಟೇ ಹೇಳಿದರೆ ಐದಡಿಯ ಬಾಗಿಲೊಂದು ಸಿಗುತ್ತದೆ, ಅಷ್ಟೆ. ‘ಊರು ಬಿಟ್ಟುಹೋಗಿದ್ದ ಮಗ ವರ್ಷಗಳ ಮೇಲೆ ಮನೆಗೆ ಬರುತ್ತಾನೆ. ತನ್ನ ಮನೆಯೊಳಗೇ ಅವನು ತಲೆ ಬಗ್ಗಿಸಿ ಬರಬೇಕು. ಒಳಗೆ ಕೂತ ಅಮ್ಮ ಅದನ್ನು ನೋಡುತ್ತಾಳೆ’ ಎಂದು ಹೇಳಿ ನೋಡು. ‘ಹಂಗಾದ್ರೆ ಹೊಸ್ತಿಲನ್ನೂ ಎತ್ತರ ಮಾಡೋಣ ಮೇಡಂ, ಕಾಲೂ ಎತ್ತಿ ಇಡಬೇಕಾಗುತ್ತೆ’ ಎಂದು ಬಡಗಿಯೇ ಹೇಳುತ್ತಾನೆ. ಆ ಹೊಸ್ತಿಲು ನಿನ್ನ ಡ್ರಾಯಿಂಗಿನಲ್ಲಿ ಇರಲಿಲ್ಲ. ಕಾರಣ ಗೊತ್ತಾದ ಮೇಲೆ ಅವನ ಅನುಭವದಿಂದ ಅದು ಬಂತು. ನನ್ನ ಕಿವಿಮಾತೆಲ್ಲ ಇಷ್ಟೇ: ಯಾಕೆ ಎಂಬುದನ್ನು ನೀನು ಹೇಳು, ಹೇಗೆ ಎಂಬುದನ್ನು ಅವರು ಹೇಳಲಿ. ಉಳಿದದ್ದೆಲ್ಲ ಇದರ ವಿಸ್ತಾರ.

ಯಕ್ಷಗಾನದಲ್ಲಿ ಭಾಗವತರನ್ನು ‘ಮೊದಲನೇ ವೇಷ’ ಎನ್ನುತ್ತಾರೆ. ಅವರು ಬಣ್ಣ ಹಚ್ಚುವುದಿಲ್ಲ, ಗೆಜ್ಜೆ ಕಟ್ಟುವುದಿಲ್ಲ, ಕುಣಿಯುವುದಿಲ್ಲ. ಆದರೆ ಇಡೀ ಪ್ರಸಂಗ ಅವರ ತಲೆಯಲ್ಲಿರುತ್ತದೆ. ಪದ್ಯವನ್ನು ಎಲ್ಲಿ ಎತ್ತಬೇಕು, ಎಲ್ಲಿ ಇಳಿಸಬೇಕು, ಯಾವ ಕಲಾವಿದನಿಗೆ ಎಷ್ಟು ಹೊತ್ತು ರಂಗ ಬಿಟ್ಟುಕೊಡಬೇಕು ಎಂಬುದು ಅವರ ಕೈಯಲ್ಲಿದೆ. ವೇಷಧಾರಿ ಅರ್ಥ ಹೇಳುವಾಗ ಅವರು ಬಾಯಿ ಹಾಕುವುದಿಲ್ಲ. ನಿನ್ನ ಜಾಗ ಅದು. ಪೇಂಟರ್ ಕೈಯಿಂದ ಬ್ರಷ್ ಕಿತ್ತುಕೊಂಡು ‘ಹೀಗೆ’ ಎಂದು ಎಳೆದು ತೋರಿಸಬೇಕೆಂದು ನಿನಗೆ ದಿನಕ್ಕೆ ಹತ್ತು ಸಲ ಅನಿಸುತ್ತದೆ. ತಡೆದುಕೋ. ನೀನು ಆ ಗೋಡೆಯ ಮುಂದೆ ಕೂತ ಹೊತ್ತಿನಲ್ಲಿ ಉಳಿದ ಐದು ಜಾಗದಲ್ಲಿ ಕೆಲಸ ನಿಂತಿರುತ್ತದೆ. ಬ್ರಷ್ ಕಳಕೊಂಡವನು ಮರುದಿನದಿಂದ ಸ್ವಂತ ಬುದ್ಧಿ ಓಡಿಸುವುದನ್ನು ನಿಲ್ಲಿಸಿ, ನೀನು ಬಂದು ಹೇಳಲಿ ಎಂದು ಕಾಯುತ್ತಾನೆ.

ಆದರೆ ಕಾರಣ ಹೇಳಬೇಕಾದರೆ ಮೊದಲು ಅದು ನಿನ್ನ ಹತ್ತಿರ ಇರಬೇಕು, ಮತ್ತು ನಿಜವಾಗಿರಬೇಕು. ಅದಕ್ಕೆ ಓದು, ತಿರುಗಾಟ, ವಿಚಾರಣೆ ಬೇಕು. ಕಥೆ 13ನೇ ಶತಮಾನದ್ದಾದರೆ ಅಂಗಳದಲ್ಲಿ ಕೆಂಪು ಮೆಣಸಿನಕಾಯಿ ಒಣಗಹಾಕುವಂತಿಲ್ಲ. ಮೆಣಸಿನಕಾಯಿ ನಮ್ಮ ಕಡೆಗೆ ಬಂದದ್ದು ಪೋರ್ಚುಗೀಸರು ಕಾಲಿಟ್ಟ ಮೇಲೆ. ಅಲ್ಲಿಯವರೆಗೆ ಖಾರಕ್ಕೆ ಕಾಳುಮೆಣಸು. 1800ರ ಸುಮಾರಿನ ಮಲೆನಾಡಿನ ಮನೆಗೆ ಮಂಗಳೂರು ಹೆಂಚು ಹೊದಿಸಬಾರದು. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೂ ಹಿಂದಿನ ಕಥೆಗೆ ಹುಲ್ಲಿನ ಮಾಡೋ ನಾಡಹೆಂಚೋ ಆಗಬೇಕು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಅದಕ್ಕಿಂತ ಮೊದಲಿನ ರಾತ್ರಿಯ ದೃಶ್ಯದಲ್ಲಿ ಒಂದು ವಿದ್ಯುತ್ ತಂತಿ ಕಂಡರೂ ತಪ್ಪು. 1973ರ ನವೆಂಬರಿಗೆ ಮೊದಲು ನಮ್ಮ ರಾಜ್ಯದ ಹೆಸರೇ ಮೈಸೂರು. ಆಗಿನ ಸರ್ಕಾರಿ ಕಚೇರಿಯ ಬೋರ್ಡಿನಲ್ಲಿ ‘ಕರ್ನಾಟಕ ಸರ್ಕಾರ’ ಎಂದು ಬರೆದಿದ್ದರೆ ಹಳಬರು ಥಿಯೇಟರಿನಲ್ಲೇ ಕಂಡುಹಿಡಿಯುತ್ತಾರೆ.

ಇವೆಲ್ಲ ನಿನಗೊಬ್ಬಳಿಗೆ ಗೊತ್ತಿದ್ದರೆ ಪ್ರಯೋಜನ ಕಡಿಮೆ. ಪ್ರಾಪರ್ಟಿ ಹುಡುಗನಿಗೆ ಮೆಣಸಿನಕಾಯಿಯ ಕಥೆ ಹೇಳು. ಮರುದಿನ ಅವನೇ ಬಂದು ‘ಟೊಮೆಟೊನೂ ಇಡಬಾರದಲ್ವಾ? ಆಲೂಗಡ್ಡೆ?’ ಎಂದು ಕೇಳುತ್ತಾನೆ. ಒಂದು ಕಾರಣ ತಿಳಿದವನು ಹತ್ತು ತಪ್ಪುಗಳನ್ನು ತಾನಾಗಿಯೇ ತಡೆಯುತ್ತಾನೆ. ಒಂದು ಆಜ್ಞೆ ಪಡೆದವನು ಅದೊಂದನ್ನೇ ಪಾಲಿಸುತ್ತಾನೆ.

ನಮ್ಮ ಹಿರಿಯರಲ್ಲಿ ಪಿ. ಕೃಷ್ಣಮೂರ್ತಿಯವರ ಕೆಲಸವನ್ನು ಬಿಡದೆ ನೋಡು. ಮದರಾಸಿನ ಕಲಾಶಾಲೆಯಲ್ಲಿ ಕಲಿತ ಚಿತ್ರಕಾರ. ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ಯಿಂದ (1975) ಸಿನಿಮಾಕ್ಕೆ ಬಂದರು, ಮುಂದೆ ಅಯ್ಯರ್ ಅವರದೇ ‘ಮಧ್ವಾಚಾರ್ಯ’ಕ್ಕೆ (1986) ರಾಷ್ಟ್ರಪ್ರಶಸ್ತಿ ಪಡೆದರು. ಆ ಚಿತ್ರಗಳನ್ನು ನೋಡುವಾಗ ಚೌಕಟ್ಟಿನಲ್ಲಿ ಏನಿದೆ ಎಂದಷ್ಟೇ ನೋಡಬೇಡ, ಏನಿಲ್ಲ ಎಂದೂ ನೋಡು. ಕಲ್ಲು, ಮಣ್ಣು, ನೀರು, ಬಿಳಿ ಬಟ್ಟೆ, ಒಂದು ದೀಪ. ಕಾರಣವಿಲ್ಲದ ವಸ್ತು ಒಳಗೆ ಬಂದಿಲ್ಲ. ಸೆಟ್ ತುಂಬಿಸುವುದು ಸುಲಭ. ತುಂಬಿಸುವುದನ್ನು ಎಲ್ಲಿ ನಿಲ್ಲಿಸಬೇಕೆಂದು ತಂಡಕ್ಕೆ ಹೇಳಬೇಕಾದವಳು ನೀನು.

ಇನ್ನು ನಿರ್ದೇಶಕರು ಮತ್ತು ಕ್ಯಾಮೆರಾಮನ್ ವಿಷಯ. ನಿನ್ನ ತಂಡದವರ ಜತೆ ಇರುವಷ್ಟೇ ಸಂಬಂಧ ನಿನಗೆ ಇವರಿಬ್ಬರ ಜತೆಗೂ ಬೇಕು, ಮತ್ತು ಅಲ್ಲಿ ಜಗಳ ಬಂದೇ ಬರುತ್ತದೆ. ಜಗಳಕ್ಕೆ ಹೆದರಬೇಡ. ಸತ್ಯಜಿತ್ ರೇ ಅವರ ‘ಅಪರಾಜಿತೊ’ (1956) ಚಿತ್ರದ್ದೊಂದು ಸಂಗತಿ ಹೇಳುತ್ತೇನೆ. ಬನಾರಸಿನ ಹಳೆಯ ಮನೆಯ ಒಳಾಂಗಳ ಬೇಕಿತ್ತು. ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ ಅದನ್ನು ಬಯಲಿನಲ್ಲಿ ಕಟ್ಟಬೇಕೆಂದಿದ್ದರು. ಮಳೆಗಾಲದ ಭಯದಿಂದ ಅದು ಕಲ್ಕತ್ತೆಯ ಸ್ಟುಡಿಯೋ ಒಳಗೆ ಬಂತು. ಮೇಲಿನಿಂದ ಬೀಳುವ ಆಕಾಶದ ಬೆಳಕಿಗೆ ಗಾಢ ನೆರಳು ಇರುವುದಿಲ್ಲ, ಸ್ಟುಡಿಯೋ ದೀಪದಲ್ಲಿ ಅದನ್ನು ತರಲು ಸಾಧ್ಯವಿಲ್ಲ ಎಂದು ಛಾಯಾಗ್ರಾಹಕ ಸುಬ್ರತ ಮಿತ್ರ, ರೇ ಮತ್ತು ಬನ್ಸಿ ಇಬ್ಬರ ಜತೆಗೂ ವಾದ ಮಾಡಿದರು. ವಾದದಲ್ಲಿ ಗೆಲ್ಲಲಿಲ್ಲ. ಕೊನೆಗೆ ಅವರು ಅಂಗಳದ ಮೇಲೆ, ಆಕಾಶ ಇರಬೇಕಾದ ಜಾಗದಲ್ಲಿ, ಬಿಳಿ ಬಟ್ಟೆ ಬಿಗಿಸಿದರು. ಕೆಳಗಿನಿಂದ ದೀಪಗಳನ್ನು ಆ ಬಟ್ಟೆಗೆ ಹೊಡೆದು, ತಿರುಗಿ ಬಂದ ಮೆದು ಬೆಳಕಿನಲ್ಲಿ ಚಿತ್ರೀಕರಿಸಿದರು. ಇವತ್ತು ನಾವು ಬೌನ್ಸ್ ಲೈಟಿಂಗ್ ಎನ್ನುತ್ತೇವಲ್ಲ, ಆ ವಿಧಾನವನ್ನು ನಮ್ಮ ದೇಶದ ಸಿನಿಮಾದಲ್ಲಿ ನೆಲೆಗೊಳಿಸಿದ್ದು ಆ ಅಂಗಳ.

ಇಲ್ಲಿ ಮೂವರೂ ತಮ್ಮ ತಮ್ಮ ಮಾತಿಗೆ ಗಟ್ಟಿಯಾಗಿ ನಿಂತಿದ್ದರು. ಆದರೂ ಆ ಜಗಳದಿಂದ ಒಳ್ಳೆಯದಾಯಿತು. ಯಾಕೆಂದರೆ ಮೂವರಿಗೂ ಬೇಕಿದ್ದದ್ದು ಒಂದೇ, ಆ ಅಂಗಳ ಬನಾರಸಿನದೇ ಎಂದು ನೋಡುವವರು ನಂಬಬೇಕು ಎಂಬುದು. ನೀನೂ ಹಾಗೇ ಮಾತಾಡು. ‘ನನ್ನ ಸೆಟ್ಟಿಗೆ ನೀವು ಬೆಳಕು ಸರಿಯಾಗಿ ಮಾಡುತ್ತಿಲ್ಲ’ ಎಂದರೆ ಅದು ಅಹಂಕಾರದ ಮಾತಾಗುತ್ತದೆ. ‘ಈ ಅಡುಗೆಮನೆಗೆ ಬೆಳಕು ಬರುವುದು ಹೊಗೆಗಿಂಡಿಯಿಂದ ಮಾತ್ರ, ಅದನ್ನು ಉಳಿಸಿಕೊಳ್ಳೋಣವೇ?’ ಎಂದರೆ ಕಥೆಯ ಮಾತಾಗುತ್ತದೆ. ಕ್ಯಾಮೆರಾಮನ್‌ಗೆ ಗೋಡೆಯ ಬಣ್ಣದ ತುಂಡುಗಳನ್ನು ಮೊದಲೇ ತೋರಿಸು, ಯಾವ ಗೋಡೆ ಕಳಚುವಂತಿರಬೇಕು ಎಂದು ಕಟ್ಟುವ ಮೊದಲೇ ಕೇಳು. ವಸ್ತ್ರ ವಿನ್ಯಾಸಕರನ್ನೂ ಕರೆದು ಕೂರಿಸಿಕೋ. ನಾಯಕಿಯ ಸೀರೆಯೂ ಗೋಡೆಯೂ ಒಂದೇ ಹಸಿರಾಗಿದ್ದದ್ದು ಶೂಟಿಂಗ್ ದಿನ ಬೆಳಗ್ಗೆ ಗೊತ್ತಾದರೆ ಯಾರಿಗೂ ಒಳ್ಳೆಯದಲ್ಲ.

ಎಲ್ಲವನ್ನೂ ಕಟ್ಟಿಸಲೇಬೇಕೆಂಬ ಹಟವೂ ಬೇಡ. 1980ರ ದಶಕದಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಮಾಡಿದಾಗ ಆರ್.ಕೆ. ನಾರಾಯಣರ ಕಲ್ಪನೆಯ ಊರಿಗೆ ನೆಲ ಹುಡುಕಬೇಕಿತ್ತು. ಆಗುಂಬೆ ಸಿಕ್ಕಿತು. ಕಲಾ ನಿರ್ದೇಶಕ ಜಾನ್ ದೇವರಾಜ್ ಶಿಲ್ಪಿ, ಹೊಸದಾಗಿ ಊರನ್ನೇ ಎಬ್ಬಿಸಿ ನಿಲ್ಲಿಸಬಲ್ಲ ಕೈ. ಆದರೆ ಆ ಊರಿನ ಬೀದಿ, ಜಗಲಿ, ದೊಡ್ಡಮನೆಗಳನ್ನು ಇದ್ದಂತೆ ಉಳಿಸಿಕೊಂಡು, ಕಥೆಗೆ ಬೇಕಾದದ್ದನ್ನು ಮಾತ್ರ ಸೇರಿಸಿದರು. ಅರಸಾಳಿನ ಪುಟ್ಟ ರೈಲು ನಿಲ್ದಾಣ ಮಾಲ್ಗುಡಿಯ ನಿಲ್ದಾಣವಾಯಿತು. ಇವತ್ತು ಅಲ್ಲಿ ಮಾಲ್ಗುಡಿಯ ಹೆಸರಿನ ಮ್ಯೂಸಿಯಂ ಇದೆ. ಇದರಲ್ಲಿ ನಾಯಕತ್ವದ ಪಾಠವೂ ಇದೆ. ಲೊಕೇಶನ್ನಿಗೆ ಹೋದಾಗ ಆ ಊರಿನ ಜನರೂ ನಿನ್ನ ತಂಡವೇ. ಅವರ ಜಗಲಿ, ಅವರ ಒರಳು, ಅವರ ಬಾವಿಕಟ್ಟೆಯನ್ನು ನೀನು ಎರವಲು ಪಡೆಯುತ್ತಿದ್ದೀಯ. ಕೇಳಿ ತೆಗೆದುಕೋ, ಒರೆಸಿ ವಾಪಸು ಕೊಡು, ಹೊಡೆದ ಮೊಳೆ ಕಿತ್ತು ಗೋಡೆಗೆ ಸುಣ್ಣ ಬಳಿಸಿಯೇ ಹೊರಡು. ನಿನ್ನ ಹಿಂದೆ ಅದೇ ಊರಿಗೆ ಬರುವ ಚಿತ್ರತಂಡಕ್ಕೆ ಬಾಗಿಲು ತೆರೆಯುವುದೋ ಮುಚ್ಚುವುದೋ ನಿನ್ನ ನಡತೆಯ ಮೇಲಿದೆ.

ತಿದ್ದುವಾಗ ಹೇಗೆ ತಿದ್ದಬೇಕು ಎಂಬುದು ಬಹಳ ಮುಖ್ಯ. ‘ಚೆನ್ನಾಗಿಲ್ಲ, ಬೇರೆ ಮಾಡು’ ಎಂಬ ಮಾತಿನಿಂದ ಯಾರೂ ಏನೂ ಕಲಿಯುವುದಿಲ್ಲ. ಹಳೆಯ ಮನೆಯ ಗೋಡೆ ಮಾಡಿಸುತ್ತಿದ್ದೀಯ ಎಂದಿಟ್ಟುಕೋ. ಪೇಂಟರ್ ಎಲ್ಲ ಕಡೆ ಒಂದೇ ಸಮ ಕೊಳೆ ಹಚ್ಚಿದ್ದಾನೆ. ಆಗ ಹೇಳು: ‘ಈ ಜಗಲಿಯಲ್ಲಿ ಅಜ್ಜ ದಿನವೂ ಒರಗಿ ಕೂರುತ್ತಾನೆ, ಎಣ್ಣೆ ತಲೆಯ ಕಲೆ ಕೂತವನ ತಲೆಯೆತ್ತರಕ್ಕೆ ಇರಬೇಕು. ಚಿಲಕದ ಸುತ್ತ ಕೈ ಮುಟ್ಟಿ ಮುಟ್ಟಿ ನುಣುಪಾಗಿರಬೇಕು. ಮಳೆಯಲ್ಲಿ ಮಣ್ಣು ಸಿಡಿಯುವುದು ಗೋಡೆಯ ಬುಡಕ್ಕೆ ಮಾತ್ರ.’ ಇಷ್ಟು ಕೇಳಿದವನು ಮುಂದಿನ ಸೆಟ್ಟಿನಲ್ಲಿ ನೀನಿಲ್ಲದೆಯೂ ಆ ಮನೆಯಲ್ಲಿ ಯಾರಿದ್ದರು ಎಂದು ಯೋಚಿಸಿ ಬ್ರಷ್ ಎತ್ತುತ್ತಾನೆ. ತಪ್ಪನ್ನು ನಾಲ್ಕು ಜನರ ಮುಂದೆ ಎತ್ತಿ ಆಡಬೇಡ, ಪಕ್ಕಕ್ಕೆ ಕರೆದು ಹೇಳು. ಒಳ್ಳೆಯದಾದಾಗ ಮಾತ್ರ ಎಲ್ಲರೂ ಕೇಳುವಂತೆ ಹೇಳು.

ತೀರ್ಮಾನವನ್ನು ತಡಮಾಡಬೇಡ. ಎಲ್ಲರ ಅಭಿಪ್ರಾಯ ಕೇಳು, ಸಹಾಯಕರಲ್ಲಿ ಕಿರಿಯರಿಂದ ಶುರುಮಾಡು. ಮೊದಲೇ ನೀನು ಹೇಳಿಬಿಟ್ಟರೆ ಅವರು ನಿನ್ನ ಮಾತನ್ನೇ ತಿರುಗಿಸಿ ಹೇಳುತ್ತಾರೆ. ಆದರೆ ಕೇಳಿ ಮುಗಿದ ಮೇಲೆ ಒಂದನ್ನು ಆರಿಸು, ಉಳಿದದ್ದು ಯಾಕೆ ಬೇಡ ಎಂದು ಹೇಳು. ಬೇಡವಾದದ್ದಕ್ಕೆ ಕಾರಣ ಸಿಕ್ಕಿದವನು ನಾಳೆ ಮತ್ತೊಂದು ಯೋಚನೆ ತರುತ್ತಾನೆ. ಕಾರಣ ಸಿಗದವನು ತರುವುದನ್ನೇ ಬಿಡುತ್ತಾನೆ. ‘ನೋಡೋಣ, ನಾಳೆ ಹೇಳ್ತೀನಿ’ ಎಂಬ ಮಾತು ಕೆಲಸಗಾರರ ರಾತ್ರಿಯ ನಿದ್ದೆಯನ್ನು ತಿನ್ನುತ್ತದೆ. ನೀನು ಸಂಜೆ ಹೇಳಬೇಕಿದ್ದ ಬಣ್ಣವನ್ನು ಮಧ್ಯರಾತ್ರಿ ಹೇಳಿದರೆ, ಬೆಳಗಿನ ಕಾಲ್‌ಶೀಟ್ ಹೊತ್ತಿಗೆ ಗೋಡೆ ಒಣಗಿಸಬೇಕಾದವರು ಅವರೇ.

ದುಡ್ಡಿನ ಲೆಕ್ಕದಲ್ಲೂ ಇದೇ ನಿಯಮ. ನಿರ್ಮಾಪಕರಿಗೂ ಪ್ರೊಡಕ್ಷನ್ ಮ್ಯಾನೇಜರಿಗೂ ಬರೀ ಮೊತ್ತ ಹೇಳಬೇಡ. ಯಾವ ದೃಶ್ಯಕ್ಕೆ ಯಾವುದು ಬೇಕು, ಯಾವುದನ್ನು ಬಿಟ್ಟರೆ ಕಥೆಗೆ ನಷ್ಟವಿಲ್ಲ, ಯಾವುದನ್ನು ಬಿಟ್ಟರೆ ದೃಶ್ಯವೇ ಕುಸಿಯುತ್ತದೆ ಎಂದು ಬಿಡಿಸಿ ಇಡು. ಹಣ ಕಡಿತ ಮಾಡಿದಾಗ ಏನು ಕಾಣಿಸುವುದಿಲ್ಲ ಎಂಬುದನ್ನೂ ಆಗಲೇ ಹೇಳು. ಆಗಲಿ ಎಂದು ತಲೆಯಾಡಿಸಿ ಬಂದು, ಆ ಕೊರತೆಯನ್ನು ಹುಡುಗರ ಬೇಟಾದಲ್ಲೋ ಊಟದಲ್ಲೋ ಸರಿದೂಗಿಸುವವರಿದ್ದಾರೆ. ಆ ದಾರಿಗೆ ಎಂದೂ ಹೋಗಬೇಡ. ಕೂಲಿ ಬಾಕಿ ಉಳಿಸಿ ಕಟ್ಟಿದ ಅರಮನೆ ಪರದೆಯ ಮೇಲೆ ಎಷ್ಟು ಮಿಂಚಿದರೂ ಅದು ನಿನಗೆ ಮರ್ಯಾದೆ ತರುವುದಿಲ್ಲ.

ಈಗ ಹೇಳುವುದನ್ನು ಉಳಿದೆಲ್ಲಕ್ಕಿಂತ ಗಟ್ಟಿಯಾಗಿ ನೆನಪಿಟ್ಟುಕೋ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣದ ವೇಳೆ ಸೆಟ್ಟಿಗೆ ಬೆಂಕಿ ಬಿತ್ತು. ಅರವತ್ತರಷ್ಟು ಜೀವಗಳು ಹೋದವು. ಆ ದಿನದ ಹೆಸರೆತ್ತಿದರೆ ಮೈಸೂರಿನ ಹಳೆಯ ಸಿನಿಮಾ ಕೆಲಸಗಾರರು ಇವತ್ತಿಗೂ ಮೌನವಾಗುತ್ತಾರೆ. ನಾವು ಬಳಸುವುದೆಲ್ಲ ಬೇಗ ಹೊತ್ತಿಕೊಳ್ಳುವ ಸಾಮಾನು: ಪ್ಲೈವುಡ್, ರೀಪರ್, ಗೋಣಿ, ಬಟ್ಟೆ, ಥರ್ಮೋಕೋಲ್, ಥಿನ್ನರ್. ಅದರ ಸುತ್ತಲೇ ಬಿಸಿ ದೀಪಗಳು, ವೈರುಗಳು. ಸೆಟ್ ಎಷ್ಟೇ ಚೆಂದ ಇರಲಿ, ಹೊರಗೆ ಓಡಲು ಎರಡು ದಾರಿ ಇಲ್ಲದಿದ್ದರೆ ಅದನ್ನು ಒಪ್ಪಿಸಬೇಡ. ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ, ಅದನ್ನು ಬಳಸಲು ಯಾರಿಗೆ ಬರುತ್ತದೆ ಎಂದು ಶಾಟ್‌ಗೆ ಮೊದಲು ಕೇಳು. ಅಟ್ಟಣಿಗೆ ಮೇಲೆ ಹತ್ತುವವನಿಗೆ ಬೆಲ್ಟ್ ಇದೆಯೇ, ಪೇಂಟ್ ಸ್ಪ್ರೇ ಮಾಡುವವನಿಗೆ ಮಾಸ್ಕ್ ಇದೆಯೇ ನೋಡು. ‘ಟೈಮಿಲ್ಲ ಮೇಡಂ, ಹೀಗೇ ನಡೆಸೋಣ’ ಎಂದು ಎಷ್ಟು ದೊಡ್ಡವರು ಹೇಳಿದರೂ ಆಗುವುದಿಲ್ಲ ಎನ್ನು. ನಿನ್ನ ಸ್ಥಾನಕ್ಕೆ ಇರುವ ಅಧಿಕಾರವನ್ನು ಪೂರ್ತಿಯಾಗಿ ಬಳಸಬೇಕಾದ ಜಾಗ ಇದು. ಇಲ್ಲಿ ಮಾತ್ರ ‘ಹೇಗೆ’ ಎಂಬುದನ್ನೂ ನೀನೇ ಹೇಳು, ಮತ್ತು ಕಟ್ಟುನಿಟ್ಟಾಗಿ ಹೇಳು.

ಹೊಗಳಿಕೆ ಬಂದಾಗ ಅದನ್ನು ಕೆಳಗೆ ದಾಟಿಸು, ಹೆಸರು ಹಿಡಿದು ದಾಟಿಸು. ‘ಎಲ್ಲ ನಮ್ಮ ಹುಡುಗರು ಮಾಡಿದ್ದು’ ಎಂಬ ಮಾತಿನಲ್ಲಿ ಯಾರೂ ಇರುವುದಿಲ್ಲ. ಈ ದೇವರ ಮಂಟಪದ ಕೆತ್ತನೆ ಇವರದು, ಈ ಹಳೆಯ ಕ್ಯಾಲೆಂಡರ್ ಹುಡುಕಿ ತಂದದ್ದು ಇವನು ಎಂದು ನಿರ್ದೇಶಕರ ಮುಂದೆ ಅವರನ್ನೇ ನಿಲ್ಲಿಸಿ ಹೇಳು. ಟೈಟಲ್ ಕಾರ್ಡಿಗೆ ಹೆಸರುಗಳ ಪಟ್ಟಿ ಕೊಡುವಾಗ ಬಡಗಿಗಳ, ಪೇಂಟರುಗಳ ಹೆಸರು ಇದೆಯೇ, ಕಾಗುಣಿತ ಸರಿಯಿದೆಯೇ ಎಂದು ನೀನೇ ನೋಡು. ದೂರು ಬಂದಾಗ ಮಾತ್ರ ಅದು ನಿನ್ನಲ್ಲೇ ನಿಲ್ಲಲಿ. ನಿರ್ದೇಶಕರು ಸೆಟ್ಟಿನಲ್ಲಿ ಸಿಟ್ಟಾದರೆ ‘ನಾನು ನೋಡಿಕೊಳ್ಳುತ್ತೇನೆ’ ಎಂದಷ್ಟೇ ಹೇಳಿ ಸರಿಪಡಿಸು. ಯಾರ ಕೈಯಿಂದ ಏನಾಯಿತು ಎಂಬ ವಿಚಾರಣೆ ಪ್ಯಾಕಪ್ ಆದ ಮೇಲೆ, ನಿಮ್ಮ ನಿಮ್ಮಲ್ಲಿ ಸಾಕು. ಹೀಗೆ ಬೆನ್ನಿಗೆ ನಿಂತವರ ಜತೆ ಕೆಲಸಗಾರರು ಇನ್ನೊಂದು ಚಿತ್ರಕ್ಕೆ ತಾವಾಗಿ ಬರುತ್ತಾರೆ. ನಮ್ಮ ಕ್ಷೇತ್ರದಲ್ಲಿ ಅದಕ್ಕಿಂತ ದೊಡ್ಡ ಗಳಿಕೆ ಇಲ್ಲ.

ಸಹಾಯಕರನ್ನು ಹಿಡಿದಿಟ್ಟುಕೊಳ್ಳಬೇಡ. ಅವರಿಗೆ ಒಂದು ಕೋಣೆ, ಒಂದು ಅಂಗಡಿ, ಒಂದು ಬೀದಿಯ ತಿರುವು ಪೂರ್ತಿಯಾಗಿ ಒಪ್ಪಿಸು. ಕಥೆ ಕೊಡು, ಬಜೆಟ್ ಕೊಡು, ದಿನ ಕೊಡು. ನಡುವೆ ಒಂದು ಸಲ ನೋಡು, ಕೊನೆಯಲ್ಲಿ ಒಂದು ಸಲ ನೋಡು. ನೀನು ಮಾಡುತ್ತಿದ್ದುದಕ್ಕಿಂತ ಬೇರೆಯಾಗಿ ಬಂದಿರುತ್ತದೆ. ಬೇರೆಯಾಗಿದೆ ಎಂಬ ಕಾರಣಕ್ಕೆ ತಪ್ಪೆನ್ನಬೇಡ, ಕಥೆಗೆ ಒಗ್ಗುತ್ತದೆಯೇ ಎಂದಷ್ಟೇ ಕೇಳು. ಅವರಲ್ಲೊಬ್ಬರು ನಾಳೆ ಸ್ವತಂತ್ರವಾಗಿ ಚಿತ್ರ ಒಪ್ಪಿಕೊಂಡರೆ ಅದು ನಿನ್ನ ಕೆಲಸದ ಯಶಸ್ಸು. ಮುನಿಸಿಕೊಳ್ಳದೆ ನಿನ್ನ ಬಡಗಿಯ ನಂಬರ್ ಕೊಟ್ಟು ಕಳಿಸು.

ಕೊನೆಗೆ ಒಂದು ಕೆಲಸ ಹೇಳುತ್ತೇನೆ, ಖಂಡಿತ ಮಾಡು. ಮೊದಲ ಮೊಳೆ ಹೊಡೆಯುವ ಮೊದಲು ನಿನ್ನ ಇಡೀ ತಂಡವನ್ನು ಒಂದು ಕಡೆ ಕೂರಿಸು. ಬಡಗಿ, ಪೇಂಟರ್, ಮೋಲ್ಡರ್, ಸಾಮಾನು ಹೊರುವ ಹುಡುಗ, ಗಾಡಿ ಓಡಿಸುವ ಡ್ರೈವರ್, ಯಾರನ್ನೂ ಬಿಡಬೇಡ. ಕಾಫಿ ತರಿಸು. ಮೊದಲಿನಿಂದ ಕೊನೆಯವರೆಗೆ ಕಥೆಯನ್ನು ನೀನೇ ಹೇಳು. ಈ ಮನೆಯಲ್ಲಿ ಯಾರಿದ್ದಾರೆ, ಎಷ್ಟು ವರ್ಷದಿಂದ ಇದ್ದಾರೆ, ಯಾರು ಬಿಟ್ಟುಹೋದರು, ಯಾರು ಕಾಯುತ್ತಿದ್ದಾರೆ, ಎಲ್ಲ ಹೇಳು. ಆಮೇಲೆ ಕೇಳು: ‘ಇಂಥ ಮನೆ ನಿಮ್ಮೂರಲ್ಲಿ ಯಾರಾದರೂ ನೋಡಿದ್ದೀರಾ?’ ಅವರು ಹೇಳಲು ಶುರುಮಾಡಿದಾಗ ಪುಸ್ತಕ ತೆರೆದು ಬರೆದುಕೋ. ಒಬ್ಬರು ಅಜ್ಜಿಯ ಮನೆಯ ಅಟ್ಟದ ಬಗ್ಗೆ ಹೇಳುತ್ತಾರೆ, ಇನ್ನೊಬ್ಬರು ಬಾಗಿಲ ಹಿಂದೆ ಕೊಡೆ ನೇತುಹಾಕುತ್ತಿದ್ದ ಗೂಟದ ಬಗ್ಗೆ. ನಿನ್ನ ಸೆಟ್ಟಿಗೆ ಬೇಕಾದ ಅರ್ಧ ಸಾಮಾನು ಆ ಮಾತುಗಳಲ್ಲೇ ಸಿಗುತ್ತದೆ. ಇನ್ನರ್ಧ, ಅಂದರೆ ಕಥೆ ತಮ್ಮದೂ ಹೌದೆಂಬ ಭಾವನೆ, ಅಂದೇ ಅವರಲ್ಲಿ ಹುಟ್ಟುತ್ತದೆ. ಆ ಭಾವನೆ ಹುಟ್ಟಿಸುವುದು ನಿನ್ನ ಮೊದಲ ಹೊಣೆ. ಅದು ಹುಟ್ಟಿದ ತಂಡದ ಮುಂದೆ ನಿಂತು ಕೆಲಸ ಮಾಡುವುದು ನಿನಗೂ ಹಗುರ, ಅವರಿಗೂ ಹೆಮ್ಮೆ. ಒಳ್ಳೆಯದಾಗಲಿ.